ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳು

ಪ್ರಶ್ನೆ: ನನಗೆ 43 ವರ್ಷ. ಮೂಡಿಗೆರೆ ಹತ್ತಿರದ ಹಳ್ಳಿಯಲ್ಲಿದ್ದೇವೆ. 2020ರಲ್ಲಿ ಬೆಂಗಳೂರಿನಲ್ಲಿದ್ದೆವು. ಜನತಾ ಕರ್ಫ್ಯೂ ಹಿಂದಿನ ದಿನ, ಹದಿನೈದು ದಿನ ಇದ್ದು ಬರೋಣ ಅಂತ ಎರಡು ಬ್ಯಾಗ್ ತುಂಬಿಕೊಂಡು ಗಂಡನ ಊರಿಗೆ ಬಂದೆವು. ವಾಪಸ್ ಹೋಗಲೇ ಇಲ್ಲ. ಅತ್ತೆ, ಮಾವ, ಭಾವ, ವಾರಗಿತ್ತಿ, ಅವರ ಮಗ, ನಾವು ನಾಲ್ವರು. ಮನೆಯಲ್ಲಿ ಒಂಬತ್ತು ಜನ. ವಾರಗಿತ್ತಿಗೆ ಬೆನ್ನುನೋವು, ಹಾಗಾಗಿ ಅಡಿಗೆ ಹೆಚ್ಚಾಗಿ ನನ್ನದೇ. ಗಂಡ ಕೋಣೆ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ. ಮಗಳು ಒಂದನೇ ಕ್ಲಾಸು, ಮಗ ಎಸ್ಸೆಸ್ಸೆಲ್ಸಿ, ಇಬ್ಬರಿಗೂ ಮೊಬೈಲಿನಲ್ಲೇ ಪಾಠ. ನೆಟ್‌ವರ್ಕ್ ಸಿಗುತ್ತಿದ್ದದ್ದು ತೋಟದ ಮೇಲಿನ ಒಂದು ಬಂಡೆ ಹತ್ತಿರ ಮಾತ್ರ. ಒಂದು ದಿನ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದೆ. ಮಿಸ್ ಕೇಳಿದ್ದಕ್ಕೆ ಮಗಳು ಉತ್ತರ ಕೊಡಲಿಲ್ಲ. ಕೆನ್ನೆಗೆ ಹೊಡೆದುಬಿಟ್ಟೆ.

ಆಗ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದೆ. ಮುಂದಿನಿಂದ ಅಕ್ಕಿ, ಬೆಲ್ಲ, ಅತ್ತೆಯ ಶುಗರ್ ಮಾತ್ರೆ, ಮೊಬೈಲ್ ಡೇಟಾ, ಮಗಳ ಕ್ರೇಯಾನ್ ಅಂತ ಖರ್ಚು. ಹಿಂದಿನಿಂದ ನನ್ನ ಸಂಕಟ. ಒಂದಿಪ್ಪತ್ತು ಸಲ ಬರೆದಿರಬಹುದು. "ಇವರನ್ನೆಲ್ಲ ಬಿಟ್ಟು ಎಲ್ಲಾದರೂ ಹೋಗಿಬಿಡಬೇಕು" ಅಂತ ಒಂದು ಕಡೆ ಇದೆ. "ಅತ್ತೆಗೆ ದಿನಕ್ಕೆ ಎಷ್ಟು ಸಲ ಕಾಫಿ ಮಾಡಿಕೊಡಬೇಕು" ಅಂತ ಇನ್ನೊಂದು ಕಡೆ. ಅದನ್ನು ಬರೆದ ಮೂರು ವಾರಕ್ಕೆ, 2021ರ ಮೇ ತಿಂಗಳಲ್ಲಿ, ಅತ್ತೆ ಕೋವಿಡ್‌ನಿಂದ ತೀರಿಕೊಂಡರು. ಮುಖ ಕೂಡ ಸರಿಯಾಗಿ ನೋಡಲಿಲ್ಲ.

ಈಗ ಮಗಳು ಆರನೇ ಕ್ಲಾಸು. ಹೋದ ತಿಂಗಳು ಅಟ್ಟ ಕ್ಲೀನ್ ಮಾಡುವಾಗ ಆ ಪುಸ್ತಕ ಅವಳ ಕೈಗೆ ಸಿಕ್ಕಿತು. "ಅಮ್ಮ, ನಿಂಗೆ ನಾವು ಬೇಡ ಆಗಿದ್ವಾ?" ಅಂತ ಕೇಳಿದಳು. ನಾನು ನಕ್ಕು, "ಏ, ಸುಮ್ನೆ ಬರ್ದಿದ್ದು" ಅಂದೆ. ಅವಳು ನಂಬಲಿಲ್ಲ. ಅವತ್ತಿನಿಂದ ನಿದ್ದೆ ಸರಿಯಿಲ್ಲ. ಯಾರಾದರೂ ಕೆಮ್ಮಿದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ದಿನಕ್ಕೆ ನಾಲ್ಕೈದು ಸಲ ಮಗಳ ಹಣೆ ಮುಟ್ಟಿ ನೋಡುತ್ತೇನೆ. ಪುಸ್ತಕ ಒಲೆಗೆ ಹಾಕಲೇ? ಅವಳಿಗೆ ಏನು ಹೇಳಲಿ? ನನಗೇನಾದರೂ ಕಾಯಿಲೆಯಾ?

ಉತ್ತರ: ನಿಮ್ಮ ಮಗಳ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ನಾನು ನಿಮಗೊಂದು ಪ್ರಶ್ನೆ ಕೇಳಬೇಕು. "ಎಲ್ಲಾದರೂ ಹೋಗಿಬಿಡಬೇಕು" ಅಂತ ಬರೆದಿರಲ್ಲ, ಎಲ್ಲಿಗೆ? ತವರಿಗಾ? ಯಾರೂ ಒಂದು ಗಂಟೆ ನಿಮ್ಮನ್ನು ಕೂಗದ ಜಾಗಕ್ಕಾ? ಅಥವಾ ಬದುಕೇ ಸಾಕು ಅನ್ನಿಸಿತ್ತಾ?

ನಮ್ಮ ಕಡೆ ಹೆಂಗಸರು ಈ ಮಾತನ್ನು ಒಲೆ ಮುಂದೆ ದಿನಕ್ಕೆ ಎರಡು ಸಲ ಹೇಳುತ್ತಾರೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನೂರಕ್ಕೆ ತೊಂಬತ್ತು ಸಲ ಅದಕ್ಕೆ "ನಂಗೆ ಸುಸ್ತಾಗಿದೆ" ಅನ್ನುವುದಕ್ಕಿಂತ ಬೇರೆ ಅರ್ಥ ಇರುವುದೂ ಇಲ್ಲ. ಉಳಿದ ಹತ್ತರಲ್ಲಿ ಬೇರೆ ಅರ್ಥ ಇರುತ್ತದೆ, ಅದು ಕೂಡ ಇದೇ ಮಾತಿನಲ್ಲಿ ಬರುತ್ತದೆ. ಅದಕ್ಕೇ ಸಮಾಲೋಚನೆ ಮಾಡುವ ನಾವು ಬಾಯಿಬಿಟ್ಟು ಕೇಳುತ್ತೇವೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ನಿಮ್ಮದು ಎರಡನೇ ಅರ್ಥವಾಗಿದ್ದರೆ, ಈಗಲೂ ಆ ಯೋಚನೆ ಬಂದು ಹೋಗುತ್ತಿದ್ದರೆ, ಮುಂದೆ ಓದಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇಲ್ಲ, ಸುಸ್ತಾಗಿತ್ತು ಅಷ್ಟೇ ಅನ್ನುವುದಾದರೆ ಕೂತು ಮಾತಾಡೋಣ.

ನಿಮ್ಮ ಪತ್ರ ಓದಿ ನಾನು ಒಂದು ಲೆಕ್ಕ ಹಾಕಿದೆ. ನೀವು ಊರಿಗೆ ಬಂದದ್ದು 2020ರ ಮಾರ್ಚ್ 21. ರಾಜ್ಯದಲ್ಲಿ ಒಂದರಿಂದ ಐದನೇ ಕ್ಲಾಸಿನ ಮಕ್ಕಳು ಮತ್ತೆ ಶಾಲೆಗೆ ಹೋದದ್ದು 2021ರ ಅಕ್ಟೋಬರ್ 25. ಮಧ್ಯೆ 583 ದಿನ. ಅಂದರೆ ನಿಮ್ಮ ಮಗಳು ಯುಕೆಜಿಯಿಂದ ಎದ್ದು ಬಂದವಳು, ಒಂದನೇ ಕ್ಲಾಸಿನ ಕೋಣೆಯನ್ನೇ ನೋಡದೆ ಎರಡನೇ ಕ್ಲಾಸಿನಲ್ಲಿ ಕೂತಳು. ಆ 583 ದಿನದಲ್ಲಿ ನೀವು ಹಿಂದಿನ ಹಾಳೆಗಳಲ್ಲಿ ಬರೆದದ್ದು ಸುಮಾರು 20 ದಿನ.

ಉಳಿದ 563 ದಿನ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಅಷ್ಟು ಸುಲಭವಾಗಿ ಸಮಾಧಾನ ಹೇಳಿದರೆ ನಿಮಗೂ ಸಿಟ್ಟು ಬರುತ್ತದೆ. ಆ ರಾತ್ರಿಗಳಲ್ಲಿ ಬಹುಶಃ ಪೆನ್ನು ಹಿಡಿಯುವ ಶಕ್ತಿಯೂ ಇಲ್ಲದೆ ಮಲಗಿರುತ್ತೀರಿ. ಕೆಲವು ದಿನ ಏನೂ ಆಗಿರುವುದಿಲ್ಲ. ಹಲಸಿನ ಹಪ್ಪಳ ಒಣಗಿಸಿದ ದಿನ, ಅಷ್ಟೇ. ಯಾರು ಅದನ್ನು ಬರೆದಿಡುತ್ತಾರೆ? ಎದೆಯಲ್ಲಿ ಹಿಡಿಸದೆ ಹೋದಾಗ ಮಾತ್ರ ನೀವು ಪುಸ್ತಕ ತಿರುಗಿಸಿ ಹಿಂದಿನಿಂದ ತೆರೆದಿದ್ದೀರಿ. ಈಗ ಅಟ್ಟದಿಂದ ಇಳಿದು ಬಂದಿರುವುದು ಆ ಇಪ್ಪತ್ತು ರಾತ್ರಿಗಳ ಮಾತು. ಅದನ್ನೇ ಓದಿ, "ಆಗ ನಾನು ಇಂಥ ತಾಯಿಯಾಗಿದ್ದೆ" ಅಂತ ನೀವು ತೀರ್ಪು ಕೊಟ್ಟುಕೊಂಡಿದ್ದೀರಿ.

ಹೀಗೆ ಬರೆಯುವುದು ತಪ್ಪಲ್ಲ, ಬಹುಶಃ ಆಗ ನಿಮ್ಮನ್ನು ಸ್ವಲ್ಪ ಉಳಿಸಿದ್ದೂ ಅದೇ. ಜೇಮ್ಸ್ ಪೆನ್ನೆಬೇಕರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಕಾಲೇಜು ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. ಮನಸ್ಸಿಗೆ ತುಂಬ ನೋವಾದ ಸಂಗತಿಯನ್ನು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಯಬೇಕು. ಬರೆದ ಕೂಡಲೇ ಅವರ ಮನಸ್ಸು ಹಗುರವಾಗಲಿಲ್ಲ, ಇನ್ನೂ ಭಾರವೇ ಆಯಿತು. ಆದರೆ ಮುಂದಿನ ತಿಂಗಳುಗಳಲ್ಲಿ, ನೋವಿನ ಜೊತೆ ಅದು ತಮ್ಮ ಮನಸ್ಸಿಗೆ ಏನು ಮಾಡಿತು ಅಂತಲೂ ಬರೆದವರು ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಆಮೇಲೆ ಈ ವಿಷಯದಲ್ಲಿ ಬೇಕಾದಷ್ಟು ಅಧ್ಯಯನ ಆಗಿದೆ. ಎಲ್ಲದರಲ್ಲೂ ಅಷ್ಟೇ ಒಳ್ಳೆಯ ಫಲಿತಾಂಶ ಬಂದಿಲ್ಲ ಅನ್ನುವುದನ್ನೂ ಹೇಳಬೇಕು. ನನಗೆ ಅದರಲ್ಲಿ ಮುಖ್ಯ ಅನ್ನಿಸುವುದು ಬೇರೆ. ಅಂಥ ಬರಹವನ್ನು ಇನ್ನೊಬ್ಬರಿಗೆ ಓದಿಸಬೇಕಾಗಿಲ್ಲ. ಅದು ಮನೆಯವರಿಗೆ ಬರೆದ ಪತ್ರವೂ ಅಲ್ಲ, ಮಕ್ಕಳಿಗೆ ಬಿಟ್ಟುಹೋಗುವ ಚರಿತ್ರೆಯೂ ಅಲ್ಲ. ಕುಕ್ಕರ್ ಸೀಟಿ ಹಾಕಿದ ಹಾಗೆ. ಸೀಟಿ ಕೇಳಿ ಯಾರೂ ಸಾರಿನ ರುಚಿ ಹೇಳುವುದಿಲ್ಲ, ಅಲ್ವಾ?

ಈಗ ಮಗಳ ಪ್ರಶ್ನೆ. "ಸುಮ್ನೆ ಬರ್ದಿದ್ದು" ಅಂದಿರಿ, ಅವಳು ನಂಬಲಿಲ್ಲ. ನಂಬಲಿಲ್ಲ ಅನ್ನುವುದು ಒಳ್ಳೆಯ ಸುದ್ದಿ. ಅವಳು ನಿಮ್ಮ ಮುಖ ಓದಬಲ್ಲಳು. ಇನ್ನು ನೀವು ನಿಜ ಹೇಳುವ ದಾರಿಯೊಂದೇ ಉಳಿದಿರುವುದು. ಆದರೆ ನಿಜ ಹೇಳುವುದು ಬೇರೆ, ಇದ್ದದ್ದನ್ನೆಲ್ಲ ಅವಳ ಮಡಿಲಿಗೆ ಸುರಿಯುವುದು ಬೇರೆ. ಬಾಗಿಲು ಹಾಕಿಕೊಂಡ ಅಪ್ಪ, ಬೆನ್ನುನೋವಿನ ದೊಡ್ಡಮ್ಮ, ಕಾಫಿ ಕೇಳುತ್ತಿದ್ದ ಅಜ್ಜಿ, ಇದೆಲ್ಲ ಹನ್ನೊಂದು ವರ್ಷದ ಹುಡುಗಿ ಹೊರಬೇಕಾದ ಗಂಟಲ್ಲ. ಅವಳ ಮುಂದೆ ಅತ್ತು ನೀವು ಹಗುರಾಗಿ, ಅವಳು ನಿಮ್ಮನ್ನು ಸಮಾಧಾನ ಮಾಡುವ ಹಾಗೆ ಆಗಬಾರದು.

ಮಕ್ಕಳದ್ದು ಒಂದು ಲೆಕ್ಕ ಇದೆ. ಮನೆಯಲ್ಲಿ ಏನೇ ಕೆಟ್ಟರೂ ಅದಕ್ಕೆ ತಾವೇ ಕಾರಣ ಅಂದುಕೊಳ್ಳುತ್ತಾರೆ. ಐದಾರು ವರ್ಷದಲ್ಲಂತೂ ಇದು ಜಾಸ್ತಿ. ಹನ್ನೊಂದಕ್ಕೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ನಿಮ್ಮ ಸಾಲಿನಲ್ಲಿ "ಇವರನ್ನೆಲ್ಲ" ಅಂತ ಇದೆ. ನೀವು ಬರೆಯುವಾಗ ಅದರಲ್ಲಿ ಒಂಬತ್ತು ಜನರ ತಟ್ಟೆ, ಲೋಟ, ಬಟ್ಟೆ ಎಲ್ಲ ಇತ್ತು. ಅವಳು ಓದುವಾಗ ಅದರಲ್ಲಿ ಅವಳೊಬ್ಬಳೇ ಇದ್ದಳು. ನೀವು ಬಿಡಿಸಬೇಕಾದ ಗಂಟು ಇದೊಂದೇ.

ಹೇಗೆ ಹೇಳುವುದು? ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ. "ಆವತ್ತು ನೀನು ಕೇಳಿದಾಗ ನಾನು ನಕ್ಕುಬಿಟ್ಟೆ. ನಂಗೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ಆಗ ನಂಗೆ ತುಂಬ ಸುಸ್ತಾಗ್ತಿತ್ತು ಪುಟ್ಟಿ. ಹಗಲೆಲ್ಲ ಕೆಲಸ, ರಾತ್ರಿ ಭಯ. ಓಡಿಹೋಗ್ಬೇಕು ಅಂತ ನಿಜವಾಗ್ಲೂ ಅನ್ನಿಸಿತ್ತು. ಕೆಲಸ ಬೇಡ ಅನ್ನಿಸಿತ್ತು, ಭಯ ಬೇಡ ಅನ್ನಿಸಿತ್ತು. ನೀನು ಬೇಡ ಅಂತ ಒಂದು ದಿನಾನೂ ಅನ್ನಿಸ್ಲಿಲ್ಲ." ಇಷ್ಟು ಸಾಕು. ಕೂರಿಸಿಕೊಂಡು, ಕೈ ಹಿಡಿದುಕೊಂಡು, ಸಿನಿಮಾದ ಹಾಗೆ ಮಾಡಬೇಡಿ. ಈ ವಯಸ್ಸಿನ ಮಕ್ಕಳಿಗೆ ಮುಖಕ್ಕೆ ಮುಖ ಕೊಟ್ಟು ಮಾತಾಡಿದರೆ ಮೈ ಮುದುಡುತ್ತದೆ. ಅವರೆಕಾಯಿ ಸುಲಿಯುತ್ತಾ, ಬಟ್ಟೆ ಮಡಚುತ್ತಾ, ಸ್ಕೂಲ್ ಬಸ್ಸಿಗೆ ಕಾಯುತ್ತಾ ಹೇಳಿ. ಕಣ್ಣು ಬೇರೆ ಕಡೆ ಇದ್ದರೆ ಕಿವಿ ಚುರುಕಾಗಿರುತ್ತದೆ.

ಹೊಡೆದದ್ದರ ಬಗ್ಗೆ ಕ್ಷಮೆ ಕೇಳಿ. ಒಂದೇ ಸಲ ಕೇಳಿ. "ಹೊಡೆದೆ, ತಪ್ಪು ಮಾಡಿದೆ, ಸಾರಿ." ಅದರ ಬಾಲಕ್ಕೆ "ಆದರೆ" ಸೇರಿಸಬೇಡಿ. "ಆದರೆ ನೀನು ಉತ್ತರ ಕೊಡಲಿಲ್ಲ", "ಆದರೆ ಮಳೆ ಬರ್ತಿತ್ತು" ಅಂದ ತಕ್ಷಣ ಅದು ಕ್ಷಮೆಯಲ್ಲ, ವಕಾಲತ್ತು. ಅವಳು ತಕ್ಷಣ "ಪರವಾಗಿಲ್ಲಮ್ಮ" ಅನ್ನಬೇಕು ಅಂತಲೂ ಕಾಯಬೇಡಿ. ಅನ್ನದೆಯೂ ಇರಬಹುದು. ಎದ್ದು ಟಿವಿ ನೋಡಲು ಹೋಗಬಹುದು. ಹೋಗಲಿ ಬಿಡಿ.

ಆಮೇಲೆ, ಸ್ವಲ್ಪ ದಿನ ಬಿಟ್ಟು, ಅವಳನ್ನೇ ಕೇಳಿ: "ನಿಂಗೆ ಆಗಿನದ್ದು ಏನು ನೆನಪಿದೆ?" ಈ ಪ್ರಶ್ನೆಯನ್ನು ಕೇಳದ ಅಮ್ಮಂದಿರೇ ಜಾಸ್ತಿ. ನಾವು ನಮ್ಮ ನೆನಪನ್ನೇ ಮಕ್ಕಳ ನೆನಪು ಅಂದುಕೊಂಡು, ಅದಕ್ಕೇ ಕೊರಗುತ್ತಿರುತ್ತೇವೆ. ಅವಳಿಗೆ ಆಗ ಆರು ವರ್ಷ. ಮೂರು ವರ್ಷದ ಒಳಗಿನದ್ದು ಯಾರಿಗೂ ಹೆಚ್ಚುಕಡಿಮೆ ಉಳಿಯುವುದಿಲ್ಲ. ಆರರದ್ದು ಉಳಿಯುತ್ತದೆ, ಆದರೆ ತುಂಡು ತುಂಡಾಗಿ. ಸಂಜೆ ಐದಕ್ಕೆ ಜಗಲಿಯಲ್ಲಿ ನಿಂತು ತಟ್ಟೆ ಬಾರಿಸಿದ್ದು ನೆನಪಿರಬಹುದು. ಏಪ್ರಿಲ್ 5ರ ರಾತ್ರಿ ಲೈಟ್ ಆರಿಸಿ ದೀಪ ಹಚ್ಚಿದ್ದು ನೆನಪಿರಬಹುದು. ಊರಿನ ದಾರಿಗೆ ಮುಳ್ಳು ಹಾಕಿದ್ದು, ಬೆಂಗಳೂರಿನಿಂದ ಬಂದವರು ಅಂತ ಪಕ್ಕದ ಮನೆಯವರು ಜಗಲಿ ಹತ್ತದೆ ಇದ್ದದ್ದು. ಮೇ ತಿಂಗಳ ಮೊದಲವರೆಗೂ ಹಾಸನ, ಚಿಕ್ಕಮಗಳೂರು ಎರಡೂ ಹಸಿರು ವಲಯದಲ್ಲಿದ್ದವಲ್ಲ. ಆಗ ಹೊರಗಿನಿಂದ ಬಂದವರನ್ನು ನೋಡುತ್ತಿದ್ದ ರೀತಿ ನಿಮಗೆ ಗೊತ್ತೇ ಇದೆ. ಮಕ್ಕಳು ಅದನ್ನೂ ಗಮನಿಸಿರುತ್ತಾರೆ.

ಬಂಡೆ ಹತ್ತಿರದ ಪೆಟ್ಟು ಅವಳಿಗೆ ನೆನಪಿರಬಹುದು, ಇಲ್ಲದಿರಬಹುದು. "ಪೆಟ್ಟು ಮರೆತು ಕೊಡೆ ನೆನಪಿಟ್ಟುಕೊಂಡಿರುತ್ತಾಳೆ ಬಿಡಿ" ಅಂತ ನಾನು ಹೇಳಬಹುದು. ಹೇಳುವುದಿಲ್ಲ, ಯಾಕೆಂದರೆ ಹಾಗೆ ಆಗದ ಮಕ್ಕಳನ್ನೂ ನೋಡಿದ್ದೇನೆ.

ನನ್ನ ಮನೆಯದ್ದೇ ಹೇಳುತ್ತೇನೆ. ಹಾಸನದಲ್ಲಿ ನಮ್ಮದು ಚಿಕ್ಕ ಮನೆ. ಆ ಎರಡು ವರ್ಷ ನಾನು ಫೋನಿನಲ್ಲೇ ಸಮಾಲೋಚನೆ ಮಾಡುತ್ತಿದ್ದೆ. ಮನೆಯೊಳಗೆ ಮಾತಾಡಿದರೆ ಎಲ್ಲರಿಗೂ ಕೇಳುತ್ತದೆ. ಅದಕ್ಕೇ ಶೆಡ್ಡಿನಲ್ಲಿ ನಿಂತಿದ್ದ ಕಾರಿನೊಳಗೆ ಹೋಗಿ ಕೂರುತ್ತಿದ್ದೆ. ಎರಡನೇ ಅಲೆಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಫೋನು. ಆಕ್ಸಿಜನ್ ಬೆಡ್ ಸಿಗದವರು, ಗಂಡ ಹೋದವರು, ಮಕ್ಕಳನ್ನು ಯಾರ ಹತ್ತಿರ ಬಿಟ್ಟು ಅಡ್ಮಿಟ್ ಆಗಲಿ ಅಂತ ಕೇಳುವ ಅಮ್ಮಂದಿರು. ಮಾತು ಮುಗಿಸಿ, ಕಣ್ಣು ಒರೆಸಿಕೊಂಡು, ಮುಖ ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದೆ. ಒಂದು ದಿನವೂ ಮಗನ ಮುಂದೆ ಅತ್ತಿಲ್ಲ ಅಂತ ನನಗೊಂದು ಹೆಮ್ಮೆ ಇತ್ತು. ನನ್ನ ಕೊರಗು ಬೇರೆಯೇ ಇತ್ತು. ಆ ಎರಡು ವರ್ಷ ಅವನಿಗೆ ಹೊತ್ತಿಗೆ ಸರಿಯಾಗಿ ತಿಂಡಿ ಮಾಡಿಕೊಡಲಿಲ್ಲ, ಮ್ಯಾಗಿಯಲ್ಲೇ ಬೆಳೆಸಿದೆ ಅಂತ.

ಹೋದ ವರ್ಷ ಅವನನ್ನು ಕೇಳಿದೆ. ಮ್ಯಾಗಿ ಬಗ್ಗೆ ಅವನಿಗೆ ದೂರೇನಿಲ್ಲ, ಅದು ಅವನ ಸುವರ್ಣಯುಗವಂತೆ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನೀನು ಕಾರಲ್ಲಿ ಅಳ್ತಿದ್ದೆ. ನಾನು ಅಡಿಗೆಮನೆ ಕಿಟಕಿಯಿಂದ ನೋಡ್ತಿದ್ದೆ. ನಿಂಗೂ ಕೊರೊನಾ ಬಂದಿದೆ, ನಂಗೆ ಹೇಳ್ತಿಲ್ಲ ಅಂದ್ಕೊಂಡಿದ್ದೆ" ಅಂದ. ಆಗ ಅವನಿಗೆ ಎಂಟು ವರ್ಷ. ಅಷ್ಟು ದಿನ ಆ ಭಯವನ್ನು ಒಬ್ಬನೇ ಇಟ್ಟುಕೊಂಡಿದ್ದ. ಇಡೀ ಜಿಲ್ಲೆಯ ಅಮ್ಮಂದಿರಿಗೆ "ಮಕ್ಕಳಿಂದ ಮುಚ್ಚಿಡಬೇಡಿ" ಅಂತ ಬುದ್ಧಿ ಹೇಳುತ್ತಿದ್ದವಳು ನಾನು! ನಾನು ತಪ್ಪು ಅಂದುಕೊಂಡಿದ್ದು ಅವನಿಗೆ ಲೆಕ್ಕಕ್ಕೇ ಇರಲಿಲ್ಲ. ಚೆನ್ನಾಗಿ ನಿಭಾಯಿಸಿದೆ ಅಂದುಕೊಂಡಿದ್ದೇ ಅವನಿಗೆ ನೋವಾಗಿತ್ತು. ಹಾಗಾಗಿ ಕೇಳಿ ಅನ್ನುತ್ತಿದ್ದೇನೆ. ಊಹೆ ಮಾಡಿಕೊಂಡು ಕೊರಗಬೇಡಿ.

ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ "ಸಾಕಾಗುವಷ್ಟು ಒಳ್ಳೆಯ ತಾಯಿ" ಅನ್ನುವ ಮಾತನ್ನು ಬಳಕೆಗೆ ತಂದರು. ತಾಯಿ ಅಲ್ಲಲ್ಲಿ ತಪ್ಪುವುದರಿಂದಲೇ ಮಗು ಲೋಕಕ್ಕೆ ಹೊಂದಿಕೊಳ್ಳುವುದನ್ನು ಕಲಿಯುತ್ತದೆ ಅನ್ನುವುದು ಅವರ ವಾದ. 1970ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಟ್ರಾನಿಕ್ ಒಂದು ಪ್ರಯೋಗ ಮಾಡಿದರು. ಮಗುವಿನ ಜೊತೆ ಆಡುತ್ತಿರುವ ತಾಯಿ ಕೆಲವು ನಿಮಿಷ ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಳ್ಳಬೇಕು. ಮಗು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ, ಕೊನೆಗೆ ಮುಖ ತಿರುಗಿಸುತ್ತದೆ. ಆಮೇಲೆ ತಾಯಿ ಮತ್ತೆ ಮಾತಾಡಿಸುತ್ತಾಳೆ. ಮೊದಲರ್ಧ ನೋಡುವಾಗ ಸಂಕಟವಾಗುತ್ತದೆ. ಜನ ನೆನಪಿಟ್ಟುಕೊಳ್ಳುವುದೂ ಅದನ್ನೇ. ನಾನು ಪಾಲಕರಿಗೆ ಹೇಳುವುದು ಎರಡನೇ ಅರ್ಧವನ್ನು. ಮಾಮೂಲಿ ದಿನಗಳಲ್ಲೂ ತಾಯಿ ಮಗು ಎಷ್ಟೋ ಹೊತ್ತು ತಾಳ ತಪ್ಪುತ್ತಿರುತ್ತಾರೆ, ಮತ್ತೆ ಕೂಡಿಕೊಳ್ಳುತ್ತಾರೆ. ಹರಿದದ್ದನ್ನು ಹೊಲಿಯುವುದು ಮುಖ್ಯ. ಐದು ವರ್ಷ ತಡವಾಗಿ ಹೊಲಿದರೂ ಅದು ಹೊಲಿಗೆಯೇ.

ಇನ್ನು ಸುಸ್ತಿನ ವಿಷಯ. ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ, ಕ್ಷಮಿಸಿ. "ನನಗೇನಾದರೂ ಕಾಯಿಲೆಯಾ" ಅಂತ ಕೇಳಿದ್ದೀರಿ. ಒಂಬತ್ತು ಜನರ ಮೂರು ಹೊತ್ತಿನ ಅಡಿಗೆ, ನಡುವೆ ಕಾಫಿ, ಕಷಾಯ, ಪಾತ್ರೆ, ತೋಟದ ಬಂಡೆಗೆ ಎರಡು ಸಲ ಹತ್ತಿ ಇಳಿಯುವುದು. ಇದನ್ನು ಒಂದೂವರೆ ವರ್ಷ ಮಾಡಿ ಓಡಿಹೋಗಬೇಕು ಅನ್ನಿಸದೆ ಇದ್ದಿದ್ದರೆ ನಾನು ನಿಮ್ಮ ಬಗ್ಗೆ ಜಾಸ್ತಿ ಯೋಚನೆ ಮಾಡುತ್ತಿದ್ದೆ. ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆ ಸಮೀಕ್ಷೆ ಮಾಡಿತ್ತು. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಇದು ಕೊರೊನಾಕ್ಕಿಂತ ಮೊದಲಿನ ಲೆಕ್ಕ. ಆಗ ಗಂಡ ಆಫೀಸಿಗೆ, ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದರು, ಮಧ್ಯಾಹ್ನ ಒಂದು ಗಂಟೆ ಮನೆ ಸುಮ್ಮನಾಗುತ್ತಿತ್ತು. ಲಾಕ್‌ಡೌನ್ ಮೊದಲು ಕಿತ್ತುಕೊಂಡದ್ದು ಆ ಒಂದು ಗಂಟೆಯನ್ನು.

ಬಾಗಿಲು ಹಾಕಿಕೊಂಡಿದ್ದ ಗಂಡ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಸಂಬಳ ಕಡಿತ, ಕೆಲಸ ಹೋಗುವ ಭಯ ಅವರಿಗೂ ಇದ್ದಿರುತ್ತದೆ. ಆದರೆ ಮಕ್ಕಳ ಕಣ್ಣಿಗೆ ಬಾಗಿಲ ಆ ಕಡೆ ಇರುವುದು "ಕೆಲಸ", ಈ ಕಡೆ ಇರುವುದು "ಅಮ್ಮ". ನಿಮ್ಮ ಮಗಳು ಆ ಸಾಲು ಓದಿ ಬೆಚ್ಚಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಅಮ್ಮನಿಗೆ ಸುಸ್ತಾಗುತ್ತದೆ ಅನ್ನುವುದೇ ಅವಳಿಗೆ ಹೊಸ ಸುದ್ದಿ.

ಅತ್ತೆಯ ವಿಷಯಕ್ಕೆ ಬರೋಣ. ಪತ್ರದಲ್ಲಿ ನೀವು ಅದನ್ನು ಎರಡು ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಅಲ್ಲೇ ಭಾರ ಜಾಸ್ತಿ ಇದೆ ಅನ್ನಿಸಿತು. 2021ರ ಮೇ ಹೇಗಿತ್ತು ಅಂತ ನಮ್ಮ ಎರಡೂ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ರಾಜ್ಯದ ಬೇರೆ ಕಡೆ ಜೂನ್ 14ಕ್ಕೆ ಲಾಕ್‌ಡೌನ್ ಸಡಿಲವಾದಾಗಲೂ ಸೋಂಕು ಇಳಿಯದ 11 ಜಿಲ್ಲೆಗಳಲ್ಲಿ ಮುಂದುವರಿಯಿತು. ಅದರಲ್ಲಿ ಹಾಸನವೂ ಇತ್ತು, ಚಿಕ್ಕಮಗಳೂರೂ ಇತ್ತು. ಆಂಬ್ಯುಲೆನ್ಸ್ ಹತ್ತಿ ಹೋದವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬಂದರು. ಬಾಯಿಗೆ ನೀರು ಬಿಡಲಿಲ್ಲ, ಮೈ ತೊಳೆಯಲಿಲ್ಲ, ಊರಿನವರು ಬಂದು ಕೂರಲಿಲ್ಲ. ನಮ್ಮಲ್ಲಿ ಸಾವಿನ ಮನೆಯಲ್ಲಿ ಜನ ಸೇರುವುದು ಸುಮ್ಮನೆ ಅಲ್ಲ. ಹನ್ನೊಂದು ದಿನ ಬಂದವರಿಗೆಲ್ಲ ಅದೇ ಕಥೆ ಹೇಳಿ ಹೇಳಿ, ಹೋದವರು ಹೋದರು ಅಂತ ನಮ್ಮ ಕಿವಿಗೇ ಗೊತ್ತಾಗುತ್ತದೆ. ಹೇಳಲು ಜನವೇ ಇರಲಿಲ್ಲವಲ್ಲ, ದುಃಖ ಬಾಗಿಲಲ್ಲೇ ನಿಂತಿದೆ. ಅದರ ಜೊತೆಗೆ ನಿಮಗೆ ಈ ಕಾಫಿಯ ಸಾಲು.

ಆ ಪುಸ್ತಕವನ್ನು ಒಲೆಗೆ ಹಾಕುವ ಮೊದಲು ಒಂದು ಕೆಲಸ ಮಾಡಿ. ತಿರುಗಿಸಿ, ಮುಂದಿನಿಂದ ಓದಿ. ಶುಗರ್ ಮಾತ್ರೆಯ ಲೆಕ್ಕ ಎಷ್ಟು ತಿಂಗಳು ಬರೆದಿದ್ದೀರಿ ಎಣಿಸಿ. ಬಸ್ಸಿಲ್ಲದ ದಿನಗಳಲ್ಲಿ, ಬೆಳಿಗ್ಗೆ ಹತ್ತು ಗಂಟೆಯೊಳಗೆ ಅಂಗಡಿ ಮುಚ್ಚುತ್ತಿದ್ದ ದಿನಗಳಲ್ಲಿ ಆ ಮಾತ್ರೆ ಹೇಗೆ ತರಿಸಿದಿರಿ ಅಂತ ನೆನಪು ಮಾಡಿಕೊಳ್ಳಿ. ಕಾಫಿಗೆ ಬೇಸರಪಟ್ಟುಕೊಂಡ ಸೊಸೆಯೂ ನೀವೇ, ಒಂದು ತಿಂಗಳೂ ಮಾತ್ರೆ ತಪ್ಪಿಸದ ಸೊಸೆಯೂ ನೀವೇ. ಎರಡನ್ನೂ ನೀವೇ ಬರೆದಿದ್ದೀರಿ, ಅದೇ ಪೆನ್ನಿನಲ್ಲಿ. ಕ್ರೇಯಾನ್ ಲೆಕ್ಕ ಬಂದಾಗ ಮಗಳನ್ನು ಕರೆದು ತೋರಿಸಿ. ಎಲ್ಲ ಅಂಗಡಿ ಮುಚ್ಚಿದ್ದಾಗ ಅದನ್ನು ಎಲ್ಲಿಂದ ತಂದಿರಿ ಅನ್ನುವ ಕಥೆ ಅವಳಿಗೆ ಬೇಕು. ಆ ಬಣ್ಣದಲ್ಲಿ ಏನು ಬರೆದೆ ಅಂತ ಅವಳಿಗೆ ನೆನಪಿರುತ್ತದೆ.

ಈ ಸಲ ಹಿರಿಯರಿಗೆ ಎಡೆ ಇಡುವಾಗ ಅತ್ತೆಯ ಕಾಫಿಯನ್ನು ನೀವೇ ಮಾಡಿ ಇಡಿ. ಅವರಿಗೆ ಹೇಗೆ ಬೇಕಿತ್ತೋ ಹಾಗೇ. ಮನೆಯವರೆಲ್ಲ ಅರ್ಧ ಗಂಟೆ ಕೂತು ಅವರ ಬಗ್ಗೆ ಮಾತಾಡಿ. ಅವರು ಮಾಡುತ್ತಿದ್ದ ಜಗಳವನ್ನೂ ಸೇರಿಸಿ. ಸತ್ತವರನ್ನು ದೇವರು ಮಾಡಿಬಿಟ್ಟರೆ ಅವರ ಬಗ್ಗೆ ಮಾತಾಡುವುದೇ ಕಷ್ಟವಾಗುತ್ತದೆ.

ಪುಸ್ತಕ ಸುಡಬೇಕಾ? ನನ್ನನ್ನು ಕೇಳಿದರೆ ಈಗ ಬೇಡ. ಮಗಳು ಪ್ರಶ್ನೆ ಕೇಳಿದ ತಿಂಗಳೇ ಪುಸ್ತಕ ಮಾಯವಾದರೆ ಅವಳು ಏನು ಅರ್ಥ ಮಾಡಿಕೊಳ್ಳುತ್ತಾಳೆ? ಬೀರುವಿನಲ್ಲಿ ಬೀಗ ಹಾಕಿ ಇಡಿ. "ಇದು ನನ್ನದು, ಹಿಂದಿನ ಹಾಳೆ ನಿಂಗೆ ಅಲ್ಲ, ನೀನು ದೊಡ್ಡವಳಾದ ಮೇಲೆ ಬೇಕಾದ್ರೆ ನೋಡೋಣ" ಅಂತ ನೇರವಾಗಿ ಹೇಳಿ. ಅಮ್ಮನಿಗೂ ಒಂದು ಖಾಸಗಿ ಮೂಲೆ ಇರುತ್ತದೆ ಅನ್ನುವುದು ಹೆಣ್ಣುಮಗುವಿಗೆ ಬೇಗ ಗೊತ್ತಾದಷ್ಟೂ ಒಳ್ಳೆಯದು. ಗಂಡನಿಗೆ ತೋರಿಸಬೇಕು ಅಂತಲೂ ಇಲ್ಲ. ಎಲ್ಲವನ್ನೂ ಹಂಚಿಕೊಂಡರೇ ಒಳ್ಳೆಯ ದಾಂಪತ್ಯ ಅನ್ನುವುದರಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ.

ಮಗನ ಬಗ್ಗೆ ನೀವು ಹೆಚ್ಚೇನೂ ಬರೆದಿಲ್ಲ. 2021ರ ಜುಲೈ 19 ಮತ್ತು 22, ಎರಡೇ ದಿನದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಬ್ಯಾಚು ಅವನದ್ದು. ಅಜ್ಜಿ ಹೋಗಿ ಎರಡು ತಿಂಗಳಿಗೆ ಪರೀಕ್ಷೆ. ತಕರಾರು ಮಾಡದ ಮಕ್ಕಳನ್ನು ನಾವು ಮರೆತುಬಿಡುತ್ತೇವೆ. ಅವನಿಗೂ ಒಂದು ಫೋನ್ ಮಾಡಿ ಅದೇ ಪ್ರಶ್ನೆ ಕೇಳಿ.

ಕೊನೆಗೆ ಕೆಮ್ಮು ಮತ್ತು ಹಣೆ. ಆಗ ಕೆಮ್ಮು ಅಂದರೆ ಅಪಾಯ ಅಂತ ನಿಮ್ಮ ಮೈ ಕಲಿಯಿತು. ಸರಿಯಾಗಿಯೇ ಕಲಿಯಿತು, ಮನೆಯಲ್ಲಿ ಒಂದು ಸಾವೂ ಆಯಿತು. ಈಗ ಅಪಾಯ ಹೋಗಿದೆ, ಆದರೆ ಅದನ್ನು ಮೈಗೆ ಯಾರೂ ಹೇಳಿಲ್ಲ. ಪ್ರತಿ ಸಲ ಹಣೆ ಮುಟ್ಟಿ "ಸದ್ಯ, ಬಿಸಿಯಿಲ್ಲ" ಅಂದುಕೊಂಡಾಗ ಒಂದು ನಿಮಿಷ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯೇ ತೊಂದರೆ. ಮುಟ್ಟಿದ್ದಕ್ಕೇ ಏನೂ ಆಗಲಿಲ್ಲ ಅಂತ ಮೈ ಲೆಕ್ಕ ಹಾಕಿಕೊಳ್ಳುತ್ತದೆ. ಹಾಗಾಗಿ ಮುಟ್ಟುವುದನ್ನು ಒಮ್ಮೆಲೇ ಬಿಡಬೇಡಿ, ಮುಂದಕ್ಕೆ ಹಾಕಿ. ಕೆಮ್ಮು ಕೇಳಿಸಿದರೆ ಗಡಿಯಾರ ನೋಡಿ, ಹತ್ತು ನಿಮಿಷ ಬಿಟ್ಟು ಹೋಗಿ. ಮುಂದಿನ ವಾರ ಇಪ್ಪತ್ತು ನಿಮಿಷ. ಎದೆ ಹೊಡೆದುಕೊಳ್ಳುತ್ತದೆ, ಏರುತ್ತದೆ, ಆಮೇಲೆ ಇಳಿಯುತ್ತದೆ. ನೀವು ಏನೂ ಮಾಡದೆಯೂ ಅದು ಇಳಿಯುತ್ತದೆ ಅಂತ ಮೈಗೆ ಗೊತ್ತಾಗಬೇಕು. ಮೂಡಿಗೆರೆಯ ಮಳೆಗಾಲದಲ್ಲಿ ಕೆಮ್ಮದವರು ಯಾರಿದ್ದಾರೆ ಹೇಳಿ? ಅಭ್ಯಾಸಕ್ಕೆ ಅವಕಾಶದ ಕೊರತೆಯಂತೂ ಆಗುವುದಿಲ್ಲ. ಮಗಳಿಗೆ ನಿಜವಾಗಿ ಜ್ವರ ಬಂದರೆ, ಥರ್ಮಾಮೀಟರ್ ಇಡಿ, ಡಾಕ್ಟರಿಗೆ ತೋರಿಸಿ. ಅದು ಬೇರೆ ವಿಷಯ.

ನಿದ್ದೆ ಒಂದು ತಿಂಗಳಿಂದ ಸರಿಯಿಲ್ಲ ಅಂದಿದ್ದೀರಿ. ಎರಡು ವಾರ ದಾಟಿದರೆ ತೋರಿಸಿ ಅಂತಲೇ ನಾವು ಹೇಳುವುದು. ಊಟ ಸೇರದೆ ಇರುವುದು, ಯಾವುದರಲ್ಲೂ ಮನಸ್ಸು ನಿಲ್ಲದೆ ಇರುವುದು, ಕಾರಣ ಇಲ್ಲದೆ ಅಳು, ಇದೂ ಜೊತೆಗಿದ್ದರೆ ತಡ ಮಾಡಬೇಡಿ. ಚಿಕ್ಕಮಗಳೂರು ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ಹಾಸನದ ಕಡೆ ಬರುವುದಾದರೆ ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲೂ ಇದೆ. ಅಷ್ಟು ದೂರ ಬೇಡ ಅಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಇದೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಳ್ಳಿ. ಮಾತ್ರೆ ಕೊಡುತ್ತಾರೆ ಅಂತ ಹೆದರಬೇಡಿ. ಬೇಕಾದರೆ ಮಾತ್ರ ಕೊಡುತ್ತಾರೆ.

ಹೋಗುವ ದಿನ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಧ್ಯಾಹ್ನದ ಅಡಿಗೆ ಮುಗಿಸಿಟ್ಟು ಹೋಗುವ ಯೋಚನೆ ಇದ್ದರೆ ಬೇಡ. ಅವತ್ತು ಯಾರು ಅಡಿಗೆ ಮಾಡುತ್ತಾರೆ ಅನ್ನುವುದನ್ನು ಹಿಂದಿನ ರಾತ್ರಿಯೇ, ಎಲ್ಲರೂ ಊಟಕ್ಕೆ ಕೂತಾಗ, ಮಗಳ ಎದುರಿಗೇ ಕೇಳಿ.